ಗಾಲಿಗೂಡನ್ನು ಹೊಸ ಹುಲ್ಲಿಗೆ ಯಾವಾಗ ಸರಿಸಬೇಕು?

ಪ್ರಶ್ನೆ: ತಳವಿಲ್ಲದ ಕೋಳಿಗೂಡನ್ನೂ ಅದಕ್ಕೆ ಸೇರಿದ ಜಾಲರಿಯ ಆವರಣವನ್ನೂ ಎಷ್ಟು ದಿನಕ್ಕೊಮ್ಮೆ ಸರಿಸುವುದು ಸೂಕ್ತ? ಎಳೆಯುವಾಗ ಕೋಳಿಗಳ ಕಾಲು ಹಿಂದಿನ ಚೌಕಟ್ಟಿನಡಿ ಸಿಲುಕದಂತೆ ಏನು ಮಾಡಬೇಕು?

ಉತ್ತರ 1: ದಿನಗಳ ಲೆಕ್ಕಕ್ಕಿಂತ ನೆಲವನ್ನು ನೋಡಿ ನಿರ್ಧರಿಸುವುದು ಮೇಲು. ಹಿಕ್ಕೆಯಲ್ಲಿ ಸಾರಜನಕ ಹೆಚ್ಚಿರುವುದರಿಂದ ಅದು ಒಂದೇ ಕಡೆ ಬೀಳುತ್ತಿದ್ದರೆ ಹುಲ್ಲು ಬುಡಸಹಿತ ಸುಡುತ್ತದೆ. ಅಲ್ಲದೆ ತೇವವೂ ಬೆಚ್ಚಗೂ ಇರುವ ನೆಲದಲ್ಲಿ, ರಕ್ತಭೇದಿ ತರುವ ಕಾಕ್ಸಿಡಿಯಾ ಪರೋಪಜೀವಿಗಳು ಒಂದೆರಡು ದಿನಗಳಲ್ಲೇ ಸೋಂಕು ತಗಲಿಸುವ ಸ್ಥಿತಿಗೆ ಬರುತ್ತವೆ. ಇಕ್ಕಟ್ಟಾದ ಆವರಣವಾದರೆ ಪ್ರತಿದಿನ ಸರಿಸಿ. ಕೆದಕಿದ ಜಾಗದಲ್ಲಿ ಹುಲ್ಲು ಮತ್ತೆ ದಟ್ಟವಾಗುವವರೆಗೆ ಅಲ್ಲಿಗೆ ಮರಳಬೇಡಿ.

ಉತ್ತರ 2: ಬೆಳಿಗ್ಗೆ ಮೇವು ಹಾಕುವ ಮುನ್ನ ಸರಿಸುವುದು ಉತ್ತಮ, ಏಕೆಂದರೆ ಹಸಿದ ಕೋಳಿಗಳು ಹೊಸ ಹುಲ್ಲಿನತ್ತ ತಾವಾಗಿಯೇ ಮುಂದೆ ನಡೆಯುತ್ತವೆ. ನೀರಿನ ಪಾತ್ರೆಯನ್ನು ಮೊದಲು ತೆಗೆದಿಡಿ. ಒಮ್ಮೆಗೇ ಜಗ್ಗದೆ, ಗೇಣು ಗೇಣಾಗಿ ಎಳೆಯುತ್ತ, ಇನ್ನೊಬ್ಬರು ಹಿಂದೆ ನಿಂತು ಹಿಂದುಳಿದ ಕೋಳಿಗಳನ್ನು ಮೆಲ್ಲಗೆ ಮುಂದಕ್ಕೆ ಅಟ್ಟಲಿ. ಮರಿಗಳಿದ್ದರೆ ಅವನ್ನು ಬುಟ್ಟಿಯಲ್ಲಿಟ್ಟೇ ಸಾಗಿಸುವುದು ನನ್ನ ಪದ್ಧತಿ.

ಉತ್ತರ 3: ಸರಿಸಿದ ಬಳಿಕ ಚೌಕಟ್ಟಿನ ಸುತ್ತ ಒಮ್ಮೆ ಬಗ್ಗಿ ನೋಡಿ. ಏರುತಗ್ಗಿನ ನೆಲದಲ್ಲಿ ಉಳಿಯುವ ಅಂಗೈ ಅಗಲದ ಸಂದು ಮುಂಗುಸಿ ನುಸುಳಲು ಧಾರಾಳವಾಗಿ ಸಾಕು. ಅದನ್ನು ಹಲಗೆಯಿಂದ ಮುಚ್ಚಿ.