ಆರ್‌ಪಿಆರ್, ಯುಎಂಪಿ, ಲೆ ರಿಪಬ್ಲಿಕೇನ್: ಫ್ರಾನ್ಸಿನಲ್ಲಿ ಇವು ಒಂದೇ ಪಕ್ಷವೇ?

ಪ್ರಶ್ನೆ | ರಾಜ್ಯಶಾಸ್ತ್ರ_ಓದು
ಫ್ರಾನ್ಸಿನ ಬಲಪಂಥದಲ್ಲಿ ಅಧ್ಯಕ್ಷರಾಗಿದ್ದ ಶಿರಾಕ್ ಎಂದರೆ ಆರ್‌ಪಿಆರ್, ಅವರ ನಂತರದ ಸಾರ್ಕೋಜಿ ಎಂದರೆ ಯುಎಂಪಿ, ಈಗ ಲೆ ರಿಪಬ್ಲಿಕೇನ್. ಒಂದು ಕಡೆ ಇದು ಬೋರ್ಡು ಬದಲಿಸಿದ ಒಂದೇ ಪಕ್ಷ ಎಂದಿರುತ್ತದೆ, ಇನ್ನೊಂದು ಕಡೆ ಬೇರೆ ಬೇರೆ ಪಕ್ಷ ಅಂತ. ಯಾವುದು ಸರಿ? 2007ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಪಕ್ಷ 2022ರಲ್ಲಿ ಶೇ 5ಕ್ಕಿಂತ ಕೆಳಗೆ ಬಿದ್ದದ್ದು ಹೇಗೆ?

ತೆಂಕಣ
ಎರಡು ಬದಲಾವಣೆಗಳನ್ನು ಬೇರೆಬೇರೆ ನೋಡಬೇಕು. 2015ರ ಮೇ ತಿಂಗಳದ್ದು (ಯುಎಂಪಿಯಿಂದ ಲೆ ರಿಪಬ್ಲಿಕೇನ್) ಬರೀ ಹೆಸರು: ಅದೇ ಸಂಸ್ಥೆ, ಅದೇ ಸದಸ್ಯರು, ಅದೇ ಸಾಲ. 2002ರದ್ದು (ಆರ್‌ಪಿಆರ್‌ನಿಂದ ಯುಎಂಪಿ) ನಿಜವಾದ ವಿಲೀನ. ನಮ್ಮ ಜನತಾ ಪರಿವಾರ ಒಂದರಿಂದ ಹಲವಾಯಿತು. ಅಲ್ಲಿ ಹಲವು ಸೇರಿ ಒಂದಾಯಿತು.

ಕಾರಣ ಅಧ್ಯಕ್ಷ ಚುನಾವಣೆಯ ಎರಡು ಸುತ್ತಿನ ಮತದಾನ: ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರು ಮಾತ್ರ ಎರಡನೆಯದಕ್ಕೆ ಹೋಗುತ್ತಾರೆ. ಆಗಿನ ಅಧ್ಯಕ್ಷ ಜಿಸ್ಕಾರ್ ಜೊತೆ ಹೊಂದದೆ ಪ್ರಧಾನಿ ಹುದ್ದೆ ಬಿಟ್ಟ ಶಿರಾಕ್ 1976ರ ಡಿಸೆಂಬರ್ 5ರಂದು ಆರ್‌ಪಿಆರ್ ಕಟ್ಟಿದರು. ಜಿಸ್ಕಾರ್ ಕಡೆಯವರು 1978ರಲ್ಲಿ ಯುಡಿಎಫ್ ಮಾಡಿಕೊಂಡರು. 1981ರಲ್ಲಿ ಮೊದಲ ಸುತ್ತಿಗೆ ಇಬ್ಬರೂ ನಿಂತರು: ಜಿಸ್ಕಾರ್‌ಗೆ ಸುಮಾರು ಶೇ 28, ಶಿರಾಕ್‌ಗೆ ಶೇ 18. ಎರಡನೇ ಸುತ್ತಿಗೆ ಶಿರಾಕ್ 'ವೈಯಕ್ತಿಕವಾಗಿ ನನ್ನ ಮತ ಜಿಸ್ಕಾರ್‌ಗೆ' ಎಂದಷ್ಟೇ ಹೇಳಿ ಸುಮ್ಮನಾದರು. ಎಡಪಂಥದ ಮಿತ್ತರಾಂ ಗೆದ್ದರು. 1988ರಲ್ಲಿ ಶಿರಾಕ್ ಮತ್ತು ಯುಡಿಎಫ್ ಬೆಂಬಲದ ಬಾರ್ ಇಬ್ಬರೂ ನಿಂತರು, ಮತ್ತೆ ಸೋಲು. 1995ರಲ್ಲಂತೂ ಆರ್‌ಪಿಆರ್ ಒಳಗಿನಿಂದಲೇ ಶಿರಾಕ್ ಮತ್ತು ಬಲಾದ್ಯೂರ್ ಇಬ್ಬರೂ ನಿಂತರು. ಬಲಪಂಥಕ್ಕೆ ಒಬ್ಬನೇ ಅಭ್ಯರ್ಥಿ ಇರುವ ಯಂತ್ರ ಬೇಕು ಎಂಬ ವಾದ ಇಲ್ಲಿ ಬೆಳೆದದ್ದು.

2002ರ ಏಪ್ರಿಲ್ 21ರಂದು ತೀವ್ರ ಬಲಪಂಥದ ಜಾನ್-ಮಾರಿ ಲೆ ಪೆನ್ ಎರಡನೇ ಸುತ್ತಿಗೆ ಬಂದಾಗ ಸಂದರ್ಭ ಒದಗಿತು. ಎರಡೇ ದಿನಕ್ಕೆ ಯುಎಂಪಿ ಘೋಷಣೆ. ಆರ್‌ಪಿಆರ್, ಮದೆಲಾಂ ಅವರ ಉದಾರವಾದಿ ಪಕ್ಷ ಡಿಎಲ್, ಯುಡಿಎಫ್‌ನ ದೊಡ್ಡ ಪಾಲು ಒಳಗೆ ಬಂದವು. ಯುಡಿಎಫ್ ನಾಯಕ ಬೈರೂ ಬರಲಿಲ್ಲ. ಅವರು ಹೊರಗುಳಿದದ್ದನ್ನು ಹಗುರವಾಗಿ ನೋಡಬೇಡಿ: 2007ರಲ್ಲಿ ಅವರಿಗೆ ಶೇ 18ಕ್ಕೂ ಹೆಚ್ಚು ಮತ ಬಿತ್ತು, 2017ರಲ್ಲಿ ಅವರು ಮ್ಯಾಕ್ರೋನ್ ಬೆನ್ನಿಗೆ ನಿಂತರು.

ಲೆಕ್ಕಪತ್ರ
ಎರಡನೇ ಪ್ರಶ್ನೆಗೆ ಉತ್ತರ ಹಣದಲ್ಲೂ ಇದೆ. ಫ್ರಾನ್ಸಿನಲ್ಲಿ ಪಕ್ಷಗಳಿಗೆ ಸರ್ಕಾರಿ ಅನುದಾನ ಎರಡು ಭಾಗವಾಗಿ ಬರುತ್ತದೆ. ಒಂದು, ನ್ಯಾಷನಲ್ ಅಸೆಂಬ್ಲಿ ಚುನಾವಣೆಯ ಮೊದಲ ಸುತ್ತಿನ ಮತಗಳ ಮೇಲೆ. ಕನಿಷ್ಠ 50 ಕ್ಷೇತ್ರಗಳಲ್ಲಿ ತಲಾ ಶೇ 1 ಮತ ಇರಬೇಕು. ಇನ್ನೊಂದು, ಸಂಸದರ ಮತ್ತು ಸೆನೆಟರ್‌ಗಳ ಸಂಖ್ಯೆಯ ಮೇಲೆ. ಒಮ್ಮೆ ಸೀಟು ಕುಸಿದರೆ ಮುಂದಿನ ಚುನಾವಣೆವರೆಗೂ ಆದಾಯ ಕುಸಿದೇ ಇರುತ್ತದೆ. ಪ್ಯಾರಿಸ್‌ನ ವೋಜಿರಾರ್ ರಸ್ತೆಯ ಕೇಂದ್ರ ಕಚೇರಿಯನ್ನು ಮಾರಬೇಕಾಗಿ ಬಂದದ್ದು ಹೀಗೆ.

ಅದಕ್ಕೂ ಮೊದಲೇ ಪೆಟ್ಟು ಬಿದ್ದಿತ್ತು. 2012ರ ಅಧ್ಯಕ್ಷ ಚುನಾವಣೆಯಲ್ಲಿ ಎರಡನೇ ಸುತ್ತಿಗೆ ಹೋದವರ ಪ್ರಚಾರ ಖರ್ಚಿನ ಮಿತಿ ಸುಮಾರು 2.25 ಕೋಟಿ ಯೂರೋ. ಸಾರ್ಕೋಜಿ ಅದನ್ನು ಮೀರಿದರೆಂದು 2013ರ ಜುಲೈನಲ್ಲಿ ಸಂವಿಧಾನ ಮಂಡಳಿ ಲೆಕ್ಕ ತಿರಸ್ಕರಿಸಿತು; ಪ್ರಚಾರ ಖರ್ಚಿಗೆ ಸರ್ಕಾರ ಕೊಡುವ ಮರುಪಾವತಿ ಪೂರ್ತಿ ಹೋಯಿತು. ಪಕ್ಷ ದೇಣಿಗೆ ಎತ್ತಿ ಸುಮಾರು 1.1 ಕೋಟಿ ಯೂರೋ ತುಂಬಿಸಿಕೊಂಡಿತು.

2022ರದ್ದು ಇನ್ನೂ ಕಠೋರ. ಮೊದಲ ಸುತ್ತಿನ ಮಿತಿ ಸುಮಾರು 1.685 ಕೋಟಿ ಯೂರೋ. ಶೇ 5 ದಾಟಿದರೆ ಅದರ ಶೇ 47.5, ಅಂದರೆ ಹೆಚ್ಚೆಂದರೆ 80 ಲಕ್ಷದವರೆಗೆ ವಾಪಸ್. ದಾಟದಿದ್ದರೆ ಶೇ 4.75, ಬರೀ 8 ಲಕ್ಷ. ಪಕ್ಷದ ಅಭ್ಯರ್ಥಿ ಪೆಕ್ರೆಸ್‌ಗೆ ಬಿದ್ದದ್ದು ಶೇ 4.78. ಶೇ 0.22ರಷ್ಟು ಮತಕ್ಕೆ 72 ಲಕ್ಷ ಯೂರೋ ಕೈತಪ್ಪಿತು.

ರಾಜ್ಯಶಾಸ್ತ್ರ_ಓದು
ಹಣ ಅರ್ಥವಾಯಿತು. ಆದರೆ ಮತ ಯಾಕೆ ಹೋಯಿತು?

ತೆಂಕಣ
ಒಂದೇ ಅಭ್ಯರ್ಥಿ ಬೇಕೆಂದು ಕಟ್ಟಿದ ಪಕ್ಷಕ್ಕೆ ಆ ಒಬ್ಬನನ್ನು ಆರಿಸುವ ವಿಧಾನ ಕೊನೆಗೂ ಒಗ್ಗಲಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. 2012ರ ನವೆಂಬರ್ 18ರ ಪಕ್ಷಾಧ್ಯಕ್ಷ ಚುನಾವಣೆ ನೋಡಿ. ಸುಮಾರು 1.75 ಲಕ್ಷ ಮತಗಳಲ್ಲಿ ಕೋಪೆ 98 ಮತಗಳಿಂದ ಗೆದ್ದರೆಂದು ಘೋಷಿಸಿದರು. ನ್ಯೂ ಕ್ಯಾಲಿಡೋನಿಯಾ, ಮಾಯೊತ್, ವಾಲಿಸ್–ಫುತುನಾ ಎಂಬ ದೂರದ ಫ್ರೆಂಚ್ ಪ್ರದೇಶಗಳ ಮತಗಳು ಮೊತ್ತಕ್ಕೆ ಸೇರಿಯೇ ಇರಲಿಲ್ಲ! ಸೇರಿಸಿದರೆ ತಾನೇ 26 ಮತ ಮುಂದೆ ಎಂದರು ಎದುರಾಳಿ ಫಿಯೋಂ. ಬಳಿಕ ಮೇಲ್ಮನವಿ ಸಮಿತಿ ಕೋಪೆಗೆ 952 ಮತಗಳ ಮುನ್ನಡೆ ಕೊಟ್ಟಿತು. ಫಿಯೋಂ ಸಂಸತ್ತಿನಲ್ಲಿ ಕೆಲವು ವಾರ ಬೇರೆ ಗುಂಪನ್ನೇ ಮಾಡಿಕೊಂಡರು. ಎಲ್ಲ ಪ್ರದೇಶಗಳ ಪಟ್ಟಿ ತಾಳೆ ನೋಡದೆ ಫಲಿತಾಂಶ ಹೇಳಿದ್ದು ಅಕ್ಷಮ್ಯ.

2016ರಲ್ಲಿ 2 ಯೂರೋ ಕೊಟ್ಟು, ಬಲ ಮತ್ತು ಮಧ್ಯಮಪಂಥದ ಮೌಲ್ಯ ಒಪ್ಪುತ್ತೇನೆಂಬ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ ಯಾವ ಮತದಾರನೂ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಆಯ್ಕೆಯಲ್ಲಿ ಮತ ಹಾಕಬಹುದಿತ್ತು. 40 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದರಲ್ಲಿ ಗೆದ್ದು ಅಷ್ಟು ಬಲ ಪಡೆದ ಫಿಯೋಂ ಮೇಲೆ 2017ರ ಜನವರಿಯಲ್ಲಿ ಪತ್ನಿಗೆ ಹುಸಿ ಕೆಲಸ ಕೊಟ್ಟ ಆರೋಪ ಬಂದಾಗ ಅವರನ್ನು ಬದಲಿಸಲು ಪಕ್ಷದ ಕೈಯಲ್ಲಿ ದಾರಿಯೇ ಇರಲಿಲ್ಲ. ಶೇ 20ಕ್ಕೆ ನಿಂತರು. ಮಧ್ಯಮಪಂಥದ ಮತ ಮ್ಯಾಕ್ರೋನ್ ಕಡೆಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಮರೀನ್ ಲೆ ಪೆನ್ (2002ರ ಲೆ ಪೆನ್ ಅವರ ಮಗಳು) ಕಡೆಗೆ ಹರಿಯಿತು.

ಲೆಕ್ಕಪತ್ರ
ಹೆಸರುಗಳನ್ನು ನೋಡುವಾಗ ಒಂದು ಎಚ್ಚರಿಕೆ. 2024ರಲ್ಲಿ ಲೆ ಪೆನ್ ಪಕ್ಷದ ಜೊತೆ ಮೈತ್ರಿಗೆ ಹೋಗಿ ಹೊರಬಿದ್ದ ಲೆ ರಿಪಬ್ಲಿಕೇನ್ ಅಧ್ಯಕ್ಷ ಸಿಯೊಟ್ಟಿ ತಮ್ಮ ಹೊಸ ಪಕ್ಷಕ್ಕೆ ಯುಡಿಆರ್ ಎಂದು ಹೆಸರಿಟ್ಟರು. 1968ರಿಂದ 1976ರವರೆಗಿನ ಗಾಲ್‌ವಾದಿ (ದ ಗಾಲ್ ಅನುಯಾಯಿಗಳ) ಪಕ್ಷವೂ ಯುಡಿಆರ್. ಆರ್‌ಪಿಆರ್ ಬಂದದ್ದು ಆ ಹಳೆಯದರಿಂದ. ವರ್ಷ ನೋಡಿಯೇ ಯಾವ ಯುಡಿಆರ್ ಎಂದು ತಿಳಿಯಿರಿ.