ಕಾಫಿ ಚರಟ, ಪುರಿ, ಸಕ್ಕರೆ ಅಚ್ಚಲ್ಲಿ ಮೂರಡಿ ದರ್ಪಣ ಸುಂದರಿ: ಬಿರುಕು ಬಿಡದೆ, ಕರಗದೆ ನಿಲ್ಲಿಸೋದು ಹೇಗೆ?

ಮಲ್ಲಂದೂರು_ರಸ್ತೆ:

ಬೇಲೂರಿನ ದರ್ಪಣ ಸುಂದರಿಯನ್ನ ಮೂರಡಿ ಎತ್ತರಕ್ಕೆ, ಪೂರ್ತಿ ಕಿಟ್ಶ್ (ಬೇಕಂತಲೇ ಅತಿಯಾದ, ಕಣ್ಣು ಕುಕ್ಕೋ) ಶೈಲಿಯಲ್ಲಿ ಮಾಡಬೇಕಾಗಿದೆ. ಜಾಗ ಚಿಕ್ಕಮಗಳೂರು ಪೇಟೆಯ ಒಂದು ಕಾಫಿ ಅಂಗಡಿಯ ಒಳಗೆ, ದಸರೆಯಿಂದ ದೀಪಾವಳಿ ತನಕ. ಕಲ್ಲಿನ ನಕಲು ಬೇಡ. ರಾಣಿ ಪಿಂಕ್ ಸೀರೆ, ಗಿಳಿಹಸಿರು ರವಿಕೆ, ಮೈತುಂಬ ಮಿಠಾಯಿ ಒಡವೆ, ಜಾತ್ರೆ ಬೊಂಬೆಯ ಧಾರಾಳ. ಮೈಬಣ್ಣ ಕಾಫಿ ಚರಟದ್ದು, ಸೀರೆ ಬಣ್ಣ ಹಾಕಿದ ಪುರಿಯದ್ದು, ಒಡವೆ ಸಕ್ಕರೆಯದ್ದು.

ಪರೀಕ್ಷೆಗೆ ಒಂದು ಕೈ ಮಾಡಿ ನೋಡಿದ್ದು ಹೀಗೆ: 10 ಎಂಎಂ ಕಂಬಿ, ಅದರ ಮೇಲೆ ಕಾಗದ, ಅದರ ಮೇಲೆ ಒಂದು ಕಪ್ ಚರಟ, ಒಂದು ಕಪ್ ಮೈದಾ, ಅರ್ಧ ಕಪ್ ಉಪ್ಪು, ಅರ್ಧ ಕಪ್ ನೀರಿನ ಹಿಟ್ಟು. ಎರಡನೇ ದಿನ ಮೊಣಕೈ ಸುತ್ತ ಬಿರುಕು, ಜೊತೆಗೆ ಕೆಂಪು ಕಲೆ. ಸಕ್ಕರೆ ಪಾಕ ಕಾಯಿಸಿ ಗಾಜಿನ ಹಾಗೆ ಮಾಡಿದ ಒಡವೆ ಬೆಳಗಾಗೋದ್ರಲ್ಲಿ ಅಂಟಂಟು. ಪುರಿಗೆ ನೀರಲ್ಲಿ ಬಣ್ಣ ಕಲಸಿದ್ರೆ ಮುದುಡಿ ಹೋಗುತ್ತೆ. ಇರುವೆ ಬೇರೆ. ಎಲ್ಲಿಂದ ಸರಿ ಮಾಡ್ತಾ ಬರಬೇಕು?

ಕಂಬಿ_ಜಾಲರಿ (ಹಾಸನ):

ತಿನ್ನೋ ವಸ್ತು ಚರ್ಮ ಆಗಬೇಕು, ಎಲುಬು ಆಗಬಾರದು. ಮೊದಲು ಇದನ್ನ ತೀರ್ಮಾನ ಮಾಡ್ಕೊಳ್ಳಿ, ಉಳಿದದ್ದು ಇದರಿಂದಲೇ ಬರುತ್ತೆ. ಅಮೆರಿಕದ ಕಲಾವಿದೆ ಕಾರಾ ವಾಕರ್ 2014ರಲ್ಲಿ ಬ್ರೂಕ್ಲಿನ್‌ನ ಹಳೇ ಸಕ್ಕರೆ ಕಾರ್ಖಾನೆಯಲ್ಲಿ ನಿಲ್ಲಿಸಿದ ದೈತ್ಯ ಸಿಂಹನಾರಿಯ ಒಳಗಿದ್ದದ್ದೂ ಥರ್ಮಾಕೋಲ್ ಗಟ್ಟಿಗಳೇ, ಸಕ್ಕರೆ ಇದ್ದದ್ದು ಮೇಲಿನ ಪದರದಲ್ಲಿ. ಇನ್ನೊಬ್ಬ ಕಲಾವಿದೆ ಜ್ಯಾನಿನ್ ಆಂಟೋನಿ 1992ರಲ್ಲಿ ಚಾಕೊಲೇಟ್‌ದೊಂದು, ಹಂದಿ ಕೊಬ್ಬಿನದೊಂದು ಇಟ್ಟ ಗಟ್ಟಿಗಳಲ್ಲಿ ಒಳ ಆಧಾರ ಇಲ್ಲದ ಕೊಬ್ಬು ತನ್ನ ಭಾರಕ್ಕೆ ತಾನೇ ಕುಸಿದುಬಿಡ್ತು.

ಬಿರುಕಿನ ಕಾರಣ: ಒಳಗಿನ ಕಂಬಿ ಕುಗ್ಗಲ್ಲ, ಮೇಲಿನ ಹಿಟ್ಟು ಒಣಗ್ತಾ ಕುಗ್ಗುತ್ತೆ. ದಪ್ಪ ಪದರ ತೆಳು ಪದರಕ್ಕೆ ಸೇರೋ ಜಾಗದಲ್ಲಿ ಸೀಳುತ್ತೆ, ಮೊಣಕೈ ಅಂಥ ಜಾಗ. ಚರಟಕ್ಕೆ ತಾನಾಗಿ ಕೂಡಿಕೊಳ್ಳೋ ಗುಣವಿಲ್ಲ. ಮೈದಾ ಒಂದೇ ಅದನ್ನ ಹಿಡಿದಿರುತ್ತೆ, ಕುಗ್ಗೋದೂ ಅದೇ. ಕೆಂಪು ಕಲೆ ತುಕ್ಕಿನದು. ಒದ್ದೆ ಉಪ್ಪುಹಿಟ್ಟು ಬರೀ ಕಬ್ಬಿಣಕ್ಕೆ ತಾಗಿದ್ರೆ ತುಕ್ಕು ಕಾಗದ ದಾಟಿ ಮೇಲೆ ಬಂದೇ ಬರುತ್ತೆ.

ಅಸ್ಥಿಪಂಜರ ಹೀಗೆ ಮಾಡಿ. ಪೀಠಕ್ಕೆ 18 ಇಂಚು ಚದರದ, 18 ಎಂಎಂ ದಪ್ಪದ ಪ್ಲೈವುಡ್. ಅದಕ್ಕೆ ಆರಿಂಚಿನ ಕಬ್ಬಿಣದ ತಟ್ಟೆ ಬೋಲ್ಟ್ ಮಾಡಿ, ಭಾರ ಹೊರೋ ಕಾಲಿನ ಕಂಬಿಯನ್ನ ಆ ತಟ್ಟೆಗೆ ವೆಲ್ಡ್ ಮಾಡಿಸಿ. ಕಾಲು, ಬೆನ್ನಿಗೆ 10 ಎಂಎಂ, ಕೈಗೆ 6 ಎಂಎಂ ಸಾಕು. ಸುಂದರಿಯ ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ ವಾಲಿರೋದ್ರಿಂದ ತಲೆಯ ಹತ್ತಿರದಿಂದ ಗಾರೆಯವರ ತೂಕದ ಗುಂಡು ಬಿಟ್ಟು ನೋಡಿ. ಅದು ಭಾರ ಹೊತ್ತ ಪಾದದ ಮೇಲೇ ಬೀಳಬೇಕು. ಕನ್ನಡಿ ಹಿಡಿದ ಕೈ ಮುಂದಕ್ಕೆ ಎಳೆಯುತ್ತೆ, ಅದಕ್ಕೆ ಪೀಠದ ಹಿಂಭಾಗದಲ್ಲಿ ಒಂದು ಇಟ್ಟಿಗೆ ಸೇರಿಸಿ. ಕಂಬಿಗೆಲ್ಲ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಒಂದು ಕೋಟು ಎನಾಮಲ್. ಆಮೇಲೆ ಥರ್ಮಾಕೋಲ್ ತುಂಡು ಜೋಡಿಸಿ ಮೈತುಂಬಿ, ಕೋಳಿಬಲೆ ಸುತ್ತಿ ಬೈಂಡಿಂಗ್ ವಯರಿನಲ್ಲಿ ಬಿಗಿಯಿರಿ. ಅದರ ಮೇಲೆ ಹರಿದ ಪೇಪರು ಮೂರು ಪದರ, ಫೆವಿಕಾಲ್‌ಗೆ ಸಮ ನೀರು ಸೇರಿಸಿ ಅಂಟಿಸಿ. ಒಂದು ಪದರ ಪೂರ್ತಿ ಒಣಗದೆ ಮುಂದಿನದು ಬೇಡ. ಪುಸ್ತಕ ಕಟ್ಟೋರ ಹಾಗೆ ಮೈದಾ ಅಂಟಿಗೆ ಮೈಲುತುತ್ತ ಹಾಕೋಣ ಅನ್ನಿಸಬಹುದು, ಹಾಕಬೇಡಿ. ಅದು ವಿಷ, ಮೇಲಾಗಿ ಬಣ್ಣ ಕೆರೆದುಹೋದ ಕಡೆ ಕಬ್ಬಿಣವನ್ನೂ ತಿನ್ನುತ್ತೆ.

ಈಗ ಚರಟದ ಹಿಟ್ಟು. ಉಪ್ಪನ್ನ ಪೂರ್ತಿ ಬಿಟ್ಟುಬಿಡಿ. ಗಾಳಿಯ ತೇವ ಶೇ. 75 ದಾಟಿದ ಕೂಡಲೇ ಅಡುಗೆ ಉಪ್ಪು ನೀರು ಕುಡಿದು ಬೆವರುತ್ತೆ. ನಿಮ್ಮೂರಲ್ಲಿ ಮಳೆ ಹಿಡಿದಾಗ ಆ ಮಟ್ಟ ದಾಟೋದು ದಿನದ ಮಾತು. ಉಪ್ಪುಹಿಟ್ಟು ಬಯಲುಸೀಮೆಯ ಬೇಸಿಗೆಗೆ ಸರಿ, ಮಲೆನಾಡಿನ ಸೆಪ್ಟೆಂಬರಿಗಲ್ಲ. ಬದಲಿಗೆ ಎರಡು ಕಪ್ ಒಣ ಚರಟ, ನೆನೆಸಿ ರುಬ್ಬಿ ಗಟ್ಟಿಯಾಗಿ ಹಿಂಡಿದ ಪೇಪರ್ ಒಂದು ಕಪ್, ಫೆವಿಕಾಲ್ ಮುಕ್ಕಾಲು ಕಪ್, ಸೀಮೆಸುಣ್ಣದ ಪುಡಿ ಕಾಲು ಕಪ್, ಲವಂಗದ ಎಣ್ಣೆ ಒಂದು ಚಮಚ. ಪೇಪರಿನ ನಾರು ಬಿರುಕನ್ನ ಅಡ್ಡ ಹಿಡಿಯುತ್ತೆ. ಚರಟವನ್ನ ಬಿಸಿಲಿಲ್ಲದಿದ್ರೆ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ, ಬೆರಳಿಗೆ ಅಂಟದೆ ಉದುರೋ ತನಕ ಬಾಡಿಸಿ. ಒದ್ದೆ ಚರಟಕ್ಕೆ ಎರಡು ಮೂರು ದಿನದಲ್ಲಿ ಬೂಷ್ಟು ಬರುತ್ತೆ. ಚಿಕೋರಿ ಬೆರೆತ ಪುಡಿಯದ್ದು ಬೇಡ, ಅದು ಒಣಗಿದ ಮೇಲೂ ತೇವ ಎಳೆಯುತ್ತೆ. ಅಂಗಡಿಯವರಿಗೆ ಶುದ್ಧ ಕಾಫಿಯದ್ದನ್ನೇ ಎತ್ತಿಡೋಕೆ ಹೇಳಿ.

ಮೊದಲು 3 ಎಂಎಂ ಪದರ ತಟ್ಟಿ, ಒಣಗಿದ ಮೇಲೆ ಬಂದ ಸಣ್ಣ ಬಿರುಕಿಗೆ ಅದೇ ಹಿಟ್ಟನ್ನ ತೆಳ್ಳಗೆ ಮಾಡಿ ತುಂಬಿ, ಆಮೇಲೆ ಎರಡನೇ 3 ಎಂಎಂ. ಫ್ಯಾನ್ ಗಾಳಿ ಒಂದೇ ಕಡೆ ಬಡಿಯದಂತೆ ದಿನಕ್ಕೆರಡು ಸಲ ಪೀಠ ತಿರುಗಿಸಿ.

ಇನ್ನೊಂದು ಮಾತು. ಹೊಯ್ಸಳರ ಶಿಲ್ಪಿಗಳಿಗೆ ಆ ಸೂಕ್ಷ್ಮ ಕೆತ್ತನೆ ಒಲಿದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗೆ, ಕಣ ಬಹಳ ನುಣುಪು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಚರಟದ ಕಣ ದಪ್ಪ, ಅದರಲ್ಲಿ ಅರ್ಧ ಇಂಚಿಗಿಂತ ಸಣ್ಣ ವಿವರ ನಿಲ್ಲಲ್ಲ. ಆದ್ದರಿಂದ ಮೂಗು, ತುಟಿ, ಕಣ್ಣುರೆಪ್ಪೆ ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದು ಮಾಡಿ. ಆಗ ನೀವು ಕೇಳೋ ಜಾತ್ರೆ ಬೊಂಬೆಯ ಮುಖ ತಾನಾಗೇ ಬರುತ್ತೆ.

ಅಚ್ಚುಮಣೆ (ಬೇಲೂರು):

ಸಕ್ಕರೆ ಮಟ್ಟಿಗೆ ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಅಚ್ಚಿನಲ್ಲಿ ಎರೆದ ಸಕ್ಕರೆ ತನ್ನ ಭಾರ ತಾನು ಹೊರುತ್ತೆ, ಸಂಕ್ರಾಂತಿಯ ಗೋಪುರ, ತುಳಸಿಕಟ್ಟೆ ನಿಲ್ಲೋದು ಒಳಗೆ ಏನೂ ಇಲ್ಲದೇನೇ. ನಿಮ್ಮ ಒಡವೆ ಅಂಟಾಗಿದ್ದು ಅದು ಗಾಜಿನ ಪಾಕ ಆದ್ದರಿಂದ. ಗಾಜಿನಂಥ ಸಕ್ಕರೆಗೆ ಹರಳಿಲ್ಲ, ಸ್ವಲ್ಪ ತೇವಕ್ಕೇ ಮೈ ಕರಗುತ್ತೆ. ಹರಳುಗಟ್ಟಿದ ಸಕ್ಕರೆ ಸುಮಾರು ಶೇ. 85ರವರೆಗೆ ತಡೆಯುತ್ತೆ. ಆದ್ದರಿಂದ ಒಡವೆಯನ್ನ ಸಕ್ಕರೆ ಅಚ್ಚಿನ ವಿಧಾನದಲ್ಲೇ ಮಾಡಿ.

ಮರದ ಅಚ್ಚನ್ನ ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಒಣ ಅಚ್ಚಿಗೆ ಪಾಕ ಕಚ್ಚಿಕೊಂಡರೆ ಗಿಣಿಯ ಕೊಕ್ಕು, ಆನೆಯ ಸೊಂಡಿಲು ಅಚ್ಚಲ್ಲೇ ಉಳಿಯುತ್ತೆ. ಒಂದು ಕೆಜಿ ಸಕ್ಕರೆಗೆ 350 ಎಂಎಲ್ ನೀರು, ಕುದಿ ಬಂದಾಗ ಎರಡು ಚಮಚ ಹಾಲು, ಮೇಲೆ ಬಂದ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಿ. ಮತ್ತೆ ಕಾಯಿಸಿ 112ರಿಂದ 115 ಡಿಗ್ರಿ, ಅಂದ್ರೆ ತಣ್ಣೀರಿಗೆ ಬಿಟ್ಟರೆ ಮೆತ್ತನೆ ಉಂಡೆ ಆಗೋ ಪಾಕ. ಅಲ್ಲಿಂದ ಎರಡು ಸೌಟಿನಷ್ಟನ್ನ ಸಣ್ಣ ಪಾತ್ರೆಗೆ ತೆಗೆದು, ಬಣ್ಣ ಸೇರಿಸಿ, ಸೌಟಿನ ಬೆನ್ನಿಂದ ಪಾತ್ರೆಯ ಗೋಡೆಗೆ ಉಜ್ಜಿ. ಮಂಕಾಗಿ, ಹಾಲಿನಂತೆ ಆದ ಕ್ಷಣದಲ್ಲೇ ಎರೆಯಬೇಕು. ಉಜ್ಜಿದ್ದು ಕಡಿಮೆಯಾದ್ರೆ ಕಟ್ಟಲ್ಲ, ಜಾಸ್ತಿಯಾದ್ರೆ ಪಾತ್ರೆಯಲ್ಲೇ ಕಲ್ಲಾಗುತ್ತೆ, ಆಗ ಸ್ವಲ್ಪ ನೀರು ಹಾಕಿ ಮತ್ತೆ ಕಾಯಿಸಿ. ಹೊಳಪಿಗೆ ಅಂತ ನಿಂಬೆಹುಳಿ ಹಿಂಡಬೇಡಿ, ಹುಳಿ ಹರಳುಗಟ್ಟೋದನ್ನೇ ತಡೆಯುತ್ತೆ.

ಅಚ್ಚಿನ ಎರಡು ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಹಾಕೋ ಮುಂಚೆ ತೆಳು ಅಲ್ಯೂಮಿನಿಯಂ ತಂತಿಯ ಕೊಕ್ಕೆಯೊಂದನ್ನ ನಡುವೆ ಸಿಕ್ಕಿಸಿ. ಕೊಕ್ಕೆ ಸಕ್ಕರೆಯೊಳಗೇ ಕೂರುತ್ತೆ, ಅಂಟಿಲ್ಲದೆ ಜಾಲರಿಗೆ ನೇತು ಹಾಕಬಹುದು. ಅಚ್ಚಿನ ಬೊಂಬೆಗಳು ಭಾರ, ಹಾರಕ್ಕೆ ಏಳೆಂಟು ಸಾಕು. ಉಳಿದ ಕಡೆ ಬತ್ತಾಸು ಜೋಡಿಸಿ, ಹಗುರ.

ಚಕ್ಕೆಅರಗು:

ಪುರಿಗೆ ನೀರು ಮುಟ್ಟಿಸಲೇಬೇಡಿ. ಪುಡಿ ಬಣ್ಣವನ್ನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ಪ್ಲಾಸ್ಟಿಕ್ ಚೀಲದಲ್ಲಿ ಪುರಿ ಜೊತೆ ಹಾಕಿ ಅಲ್ಲಾಡಿಸಿ, ಪೇಪರಿನ ಮೇಲೆ ಹರಡಿ. ಸ್ಪಿರಿಟ್ ಆರಿಹೋಗುತ್ತೆ, ಪುರಿ ಗರಿಗರಿಯಾಗೇ ಇರುತ್ತೆ. ಕೆಲ ಬಣ್ಣ ಸ್ಪಿರಿಟ್‌ನಲ್ಲಿ ಪೂರ್ತಿ ಕರಗದೆ ಚುಕ್ಕೆಚುಕ್ಕೆ ಕೂರುತ್ತೆ, ಮೊದಲು ಒಂದು ಹಿಡಿಯಲ್ಲಿ ನೋಡಿ. ಅಂಟಿಸುವಾಗ ಫೆವಿಕಾಲ್ ಬಳಿದು ಅದು ಜಿಗುಟಾಗೋ ತನಕ ಕಾದು, ಆಮೇಲೆ ಪುರಿ ಒತ್ತಿ. ಹಸಿ ಅಂಟಿಗೆ ಒತ್ತಿದ್ರೆ ತಳ ಮೆತ್ತಗಾಗಿ ಕುಸಿಯುತ್ತೆ.

ಕೊನೆಯ ಕವಚಕ್ಕೆ ಅರಗು. ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಬಳಸೋ ಚಕ್ಕೆ ಅರಗು 100 ಗ್ರಾಂ, ಪಾಲಿಶ್ ಸ್ಪಿರಿಟ್ 500 ಎಂಎಲ್, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ. ಸ್ಪಿರಿಟ್ ಸಕ್ಕರೆಯನ್ನ ಕರಗಿಸಲ್ಲ, ಅದಕ್ಕೇ ಸಕ್ಕರೆ ಮೇಲೂ ನಡೆಯುತ್ತೆ. ನೀರಿನ ವಾರ್ನಿಷ್ ಆದ್ರೆ ಮೊದಲ ಕೈಗೇ ಒಡವೆಯ ಬಣ್ಣ ಹರಿದು ಸೀರೆ ಸೇರುತ್ತೆ. ಮೃದು ಬ್ರಷ್‌ನಲ್ಲಿ ಮೂರು ತೆಳು ಕೋಟು, ಒಂದೊಂದಕ್ಕೂ ಎರಡು ಗಂಟೆ ಬಿಡುವು. ಮಳೆ ಸುರಿಯೋ ಹೊತ್ತಲ್ಲಿ ಹಚ್ಚಿದ್ರೆ ಅರಗು ಬೆಳ್ಳಗೆ ಮಂಜು ಕಟ್ಟುತ್ತೆ, ಒಣ ದಿನ ಅಥವಾ ಹೀಟರ್ ಹಾಕಿದ ಕೋಣೆ ಬೇಕು. ಆದ್ರೆ ಹಚ್ಚೋವಾಗ ಹೀಟರ್, ಒಲೆ ಎರಡೂ ಆಫ್ ಆಗಿರಲಿ, ಸ್ಪಿರಿಟ್ ಆವಿಗೆ ಬೆಂಕಿ ಹತ್ತುತ್ತೆ. ಅರಗು ಜೇನಿನ ಬಣ್ಣ ಕೊಡುತ್ತೆ: ಚರಟದ ಮೈಗೆ ಬಹಳ ಚೆಂದ, ರಾಣಿ ಪಿಂಕ್‌ಗೆ ಕೆಟ್ಟದು. ಸೀರೆಗೆ ಬಿಳಿ ಮಾಡಿದ ಅರಗು ತಗೊಳ್ಳಿ.

ಎರಡನೇ ಕೋಟು ಇನ್ನೂ ಜಿಗುಟಾಗಿರುವಾಗ ಸೊಂಟಪಟ್ಟಿಗೆ ಬೆಳ್ಳಿ ವರಖ ಹಾಸಿ, ಒಣ ಬ್ರಷ್‌ನಿಂದ ತಟ್ಟಿ. ಮುತ್ತಿಗೆ ಹಸಿ ಸಬ್ಬಕ್ಕಿ, ಡಾಬಿಗೆ ಹುರಿದ ಕಾಫಿ ಬೀಜ. ಬೀಜದ ಸೀಳು ಒಂದು ಸಾಲಿನಲ್ಲಿ ಮೇಲ್ಮುಖ, ಇನ್ನೊಂದರಲ್ಲಿ ಕೆಳಮುಖ ಇಟ್ಟರೆ ಹೆಣೆದ ಪಟ್ಟಿಯ ಹಾಗೆ ಕಾಣುತ್ತೆ. ಕೆಂಪಿಗೆ ಗುಲಗಂಜಿ ಮಾತ್ರ ಬೇಡವೇ ಬೇಡ. ಅದು ಘೋರ ವಿಷ, ಮಿಠಾಯಿ ಪಕ್ಕದಲ್ಲಿದ್ರೆ ಮಕ್ಕಳು ಬಾಯಿಗೆ ಹಾಕ್ಕೊಳ್ಳದೆ ಇರಲ್ಲ.

ಮಲ್ಲಂದೂರು_ರಸ್ತೆ:

ಮೂವರಿಗೂ ಧನ್ಯವಾದ. ಇನ್ನೆರಡು ಉಳಿದಿವೆ. ಸೀರೆ ಅಂಚನ್ನ ಹಾಸನದ ಆಲೂಗಡ್ಡೆಯಲ್ಲೇ ಕೆತ್ತಿ ಅಂಟಿಸೋ ಆಸೆ ಇದೆ, ಆಗುತ್ತಾ? ಕೈಯ ಕನ್ನಡಿಯನ್ನ ಸಕ್ಕರೆ ಗಾಜಿನಲ್ಲಿ ಮಾಡೋದಾ?

ಕಂಬಿ_ಜಾಲರಿ (ಹಾಸನ):

ಆಲೂಗಡ್ಡೆಯಲ್ಲಿ ಸುಮಾರು ಶೇ. 80 ನೀರೇ ಇರೋದು. ಕೆತ್ತಿ ಅಂಟಿಸಿದ್ರೆ ಕಪ್ಪಾಗಿ, ಮುದುಡಿ, ಕೊನೆಗೆ ಕೊಳೆಯುತ್ತೆ. ಅದನ್ನ ಮುದ್ರೆಯಾಗಿ ಬಳಸಿ. ಉದ್ದಕ್ಕೆ ಹೋಳು ಮಾಡಿ, ಮಾವಿನಕಾಯಿ ಚಿತ್ತಾರವನ್ನ ಕಾಲು ಇಂಚು ಆಳಕ್ಕೆ ಕೆತ್ತಿ, ಮೇಲಿನ ನೀರು ಬಟ್ಟೆಯಿಂದ ಒರೆಸಿ, ಚಿನ್ನದ ಬಣ್ಣದ ಅಕ್ರಿಲಿಕ್‌ಗೆ ಅದ್ದಿ ಕ್ಯಾನ್ವಾಸ್ ಪಟ್ಟಿಯ ಮೇಲೆ ಒತ್ತಿ. ಗಂಟೆಯೊಳಗೆ ಅಂಚು ಮೆತ್ತಗಾಗುತ್ತೆ, ಹೊಸ ಹೋಳು ಕೆತ್ತಬೇಕು. ಪಟ್ಟಿಯನ್ನ ಪುರಿಯ ಸೀರೆಯ ಕೆಳತುದಿಗೆ ಸುತ್ತಿ, ಸಡಿಲ ಅಂಚನ್ನೂ ಮುಚ್ಚುತ್ತೆ.

ಕನ್ನಡಿ ಸಕ್ಕರೆಯದ್ದು ಬೇಡ, ಮೂರು ದಿನಕ್ಕೆ ಮಬ್ಬಾಗುತ್ತೆ. ಬೇಕೇ ಬೇಕು ಅಂದ್ರೆ ಬೇಕರಿ ಸಾಮಾನಿನವರ ಹತ್ತಿರ ಐಸೊಮಾಲ್ಟ್ (ಸಕ್ಕರೆಯಿಂದ ಮಾಡೋ ಬದಲಿ ಸಿಹಿ) ತಗೊಳ್ಳಿ, ಸಕ್ಕರೆಗಿಂತ ನಿಧಾನಕ್ಕೆ ತೇವ ಎಳೆಯುತ್ತೆ, ಆದ್ರೂ ಅರಗು ಬೇಕು. ನನ್ನ ಮಟ್ಟಿಗೆ ನಾಲ್ಕಿಂಚಿನ ಅಕ್ರಿಲಿಕ್ ಕನ್ನಡಿ ಹಾಕಿ, ಸುತ್ತ ಬಣ್ಣದ ಬತ್ತಾಸಿನ ಚೌಕಟ್ಟು ಕಟ್ಟಿ. ನೋಡೋರ ಮುಖ ಅದರಲ್ಲಿ ಕಾಣೋ ಕೋನಕ್ಕೆ ತಿರುಗಿಸಿ.

ಇರುವೆಗೆ: ಪೀಠಕ್ಕೆ ನಾಲ್ಕು ಗಿಡ್ಡ ಕಾಲು ಕೊಟ್ಟು ಒಂದೊಂದನ್ನೂ ನೀರಿನ ಬಟ್ಟಲಲ್ಲಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಸೆರಗೋ ದೀಪದ ಸರವೋ ಗೋಡೆಗೆ ತಾಗಿದ್ರೆ ಅದೇ ಸೇತುವೆ, ಒಂದಡಿ ಅಂತರ ಬಿಡಿ. ದೀಪ ಹಾಕೋದಾದ್ರೆ ಎಲ್‌ಇಡಿ ಮಾತ್ರ, ಬಿಸಿ ಬಲ್ಬಿಗೆ ಅರಗು ಮೆತ್ತಗಾಗಿ ಧೂಳು ಹಿಡಿಯುತ್ತೆ. ಫೆವಿಕಾಲ್, ಪಾಲಿಶ್ ಸ್ಪಿರಿಟ್ ತಾಗಿದ್ದನ್ನ ತಿನ್ನೋ ಹಾಗಿಲ್ಲ, ಆದ್ದರಿಂದ ಮಕ್ಕಳ ಕಣ್ಣಿನ ಎತ್ತರಕ್ಕೆ ದೊಡ್ಡ ಅಕ್ಷರದ ಬೋರ್ಡು ಹಾಕಿ. ತಿನ್ನೋ ಸಕ್ಕರೆ ಅಚ್ಚನ್ನ ಪಕ್ಕದಲ್ಲಿ ಬೇರೆ ತಟ್ಟೆಯಲ್ಲಿಡಿ.