ಜಾವಾ 17: ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಸರ್ವರ್‌ನಲ್ಲಿ ‘ಮಾಡ್ಯೂಲ್ ನಾಟ್ ಫೌಂಡ್’. ಜೆಲಿಂಕ್ ಕೂಡ ಒಪ್ಪುತ್ತಿಲ್ಲ

ನಾಗರಬಾವಿ_ಜಾವಾ (ಪ್ರಶ್ನೆ)

ಸಹಕಾರ ಸಂಘವೊಂದರ ರಸೀದಿ ಮತ್ತು ಲೆಕ್ಕದ ಅಪ್ಲಿಕೇಶನ್. ಮೊದಲು ಜಾವಾ 8ರಲ್ಲಿ, ವಾರ್ ಫೈಲಾಗಿ (ವೆಬ್ ಅಪ್ಲಿಕೇಶನ್‌ನ ಪ್ಯಾಕೇಜ್) ಅಪ್ಲಿಕೇಶನ್ ಸರ್ವರ್ ಒಳಗೆ ಓಡುತ್ತಿತ್ತು. ಈಗ ಜಾವಾ 17, ಬಿಲ್ಡ್‌ಗೆ ಮೇವನ್ 3.9, ತಾನೇ ಓಡುವ ಅಪ್ಲಿಕೇಶನ್. ಕೋರ್, ಡೇಟಾ, ಬಿಲ್, ಆಪ್ ಅಂತ ನಾಲ್ಕು ಮಾಡ್ಯೂಲ್, ನಾಲ್ಕಕ್ಕೂ ಮಾಡ್ಯೂಲ್-ಇನ್ಫೊ (ಮಾಡ್ಯೂಲಿಗೆ ಏನು ಬೇಕು, ಹೊರಗೆ ಏನು ಕೊಡುತ್ತೆ ಅಂತ ಬರೆದ ಫೈಲ್) ಇದೆ.

ಐಡಿಇಯಿಂದ ಓಡಿಸಿದರೆ ಸರಿ ಇದೆ. ಮೇವನ್‌ನಲ್ಲಿ ಕ್ಲೀನ್ ಪ್ಯಾಕೇಜ್ ಕೂಡ ಪಾಸ್. ಆಮೇಲೆ ಡಿಪೆಂಡೆನ್ಸಿ:ಕಾಪಿ-ಡಿಪೆಂಡೆನ್ಸೀಸ್ ಗೋಲ್ ಬಳಸಿ, ಇನ್‌ಕ್ಲೂಡ್‌ಸ್ಕೋಪ್ ರನ್‌ಟೈಮ್ ಕೊಟ್ಟು, ಜಾರ್‌ಗಳನ್ನೆಲ್ಲ ಲಿಬ್ ಫೋಲ್ಡರ್‌ಗೆ ಹಾಕಿ ಸರ್ವರ್‌ನಲ್ಲಿ ಮಾಡ್ಯೂಲ್ ಪಾಥ್ ಕೊಟ್ಟು ಓಡಿಸಿದರೆ ಬೂಟ್ ಲೇಯರ್ ಹಂತದಲ್ಲೇ ನಿಲ್ಲುತ್ತೆ: ಫೈಂಡ್‌ಎಕ್ಸೆಪ್ಶನ್, ಮಾಡ್ಯೂಲ್ ಜಾವಾ.ಎಕ್ಸ್‌ಎಂಎಲ್.ಬೈಂಡ್ ನಾಟ್ ಫೌಂಡ್, ರಿಕ್ವೈರ್ಡ್ ಬೈ ಬಿಲ್. ಪಾಮ್‌ನಲ್ಲಿ (ಮೇವನ್‌ನ ಬಿಲ್ಡ್ ಫೈಲ್) ಜಕಾರ್ತಾ.ಎಕ್ಸ್‌ಎಂಎಲ್.ಬೈಂಡ್-ಎಪಿಐ 2.3.3 ಇದೆ, ಸ್ಕೋಪ್ ಪ್ರೊವೈಡೆಡ್.

ಇನ್ನೊಂದು ತೊಂದರೆ ಜೆಲಿಂಕ್‌ದು, ಅಂದರೆ ಬೇಕಾದ ಮಾಡ್ಯೂಲ್‌ಗಳಷ್ಟನ್ನೇ ಸೇರಿಸಿ ಚಿಕ್ಕ ಜಾವಾ ರನ್‌ಟೈಮ್ ಕಟ್ಟುವ ಜೆಡಿಕೆ ಉಪಕರಣದ್ದು. ‘ಆಟೊಮ್ಯಾಟಿಕ್ ಮಾಡ್ಯೂಲ್ ಕ್ಯಾನಾಟ್ ಬಿ ಯೂಸ್ಡ್ ವಿತ್ ಜೆಲಿಂಕ್’ ಅಂತ ಒಂದು ಹಳೆಯ ಬಾರ್‌ಕೋಡ್ ಲೈಬ್ರರಿಯ ಹೆಸರು ತೋರಿಸುತ್ತೆ. ಸರ್ವರ್ ಇರೋದು ವೈಟ್‌ಫೀಲ್ಡ್‌ನ ಡೇಟಾ ಸೆಂಟರ್‌ನಲ್ಲಿ, ಅದಕ್ಕೆ ಇಂಟರ್ನೆಟ್ ಇಲ್ಲ. ಬೇಕಾದ್ದೆಲ್ಲ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕು. ಯಾವ ಕ್ರಮದಲ್ಲಿ ಸರಿಪಡಿಸಬೇಕು?

ಸವಿತಾ_ಬಿಲ್ಡ್

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಪ್ರೊವೈಡೆಡ್. ಆ ಸ್ಕೋಪ್‌ನ ಅರ್ಥ ‘ಕಂಪೈಲ್ ಮಾಡುವಾಗ ಕೊಡು, ಓಡುವಾಗ ಬೇರೆ ಯಾರೋ ಕೊಡುತ್ತಾರೆ’ ಎಂದು. ವಾರ್ ಕಾಲದಲ್ಲಿ ಅಪ್ಲಿಕೇಶನ್ ಸರ್ವರ್ ಕೊಡುತ್ತಿತ್ತು. ಈಗ ಕೊಡುವವರು ಯಾರೂ ಇಲ್ಲ. ಐಡಿಇ ಪ್ರೊವೈಡೆಡ್ ಜಾರನ್ನೂ ಸೇರಿಸಿಕೊಂಡು ಓಡಿಸಿರುತ್ತದೆ, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ಇನ್‌ಕ್ಲೂಡ್‌ಸ್ಕೋಪ್ ರನ್‌ಟೈಮ್ ಎಂದರೆ ಕಂಪೈಲ್ ಮತ್ತು ರನ್‌ಟೈಮ್ ಸ್ಕೋಪಿನವು ಮಾತ್ರ ಲಿಬ್‌ಗೆ ಬರುತ್ತವೆ. ಪ್ರೊವೈಡೆಡ್, ಟೆಸ್ಟ್ ಎರಡೂ ಬರುವುದಿಲ್ಲ. ಪಾಮ್‌ನಲ್ಲಿರುವ ಪ್ರೊವೈಡೆಡ್ ಸ್ಕೋಪ್ ಸಾಲನ್ನು ತೆಗೆದುಹಾಕಿ.

ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜಾವಾ 8ರಿಂದ ಬರುವ ಎಷ್ಟೋ ಕೋಡ್ ಇಲ್ಲಿ ಒಮ್ಮೆ ನಿಲ್ಲುತ್ತದೆ. ಜಾಕ್ಸ್‌ಬಿ (ಜಾವಾ ಆಬ್ಜೆಕ್ಟ್‌ಗಳನ್ನು ಎಕ್ಸ್‌ಎಂಎಲ್‌ಗೆ, ಎಕ್ಸ್‌ಎಂಎಲ್ ಅನ್ನು ಆಬ್ಜೆಕ್ಟ್‌ಗೆ ಬದಲಿಸುವ ಲೈಬ್ರರಿ; ಜಾವಾ.ಎಕ್ಸ್‌ಎಂಎಲ್.ಬೈಂಡ್ ಅದರ ಮಾಡ್ಯೂಲ್) 8ರಲ್ಲಿ ಜೆಡಿಕೆ ಒಳಗೇ ಇತ್ತು. 2017ರಲ್ಲಿ ಜಾವಾ 9 ಬಂದಾಗ ಜಾವಾ.ಎಕ್ಸ್‌ಎಂಎಲ್.ಬೈಂಡ್ ಮಾಡ್ಯೂಲ್ ಇತ್ತಾದರೂ ತಾನಾಗಿ ಸೇರುತ್ತಿರಲಿಲ್ಲ, ಆಡ್-ಮಾಡ್ಯೂಲ್ಸ್ ಕೊಡಬೇಕಿತ್ತು. 2018ರ ಜಾವಾ 11ರಲ್ಲಿ ಅದನ್ನು ಪೂರ್ತಿ ತೆಗೆದರು. ಜೊತೆಗೆ ಆಕ್ಟಿವೇಶನ್, ಜಾಕ್ಸ್-ಡಬ್ಲ್ಯೂಎಸ್, ಕೋರ್ಬಾ ಕೂಡ ಹೋದವು. ಆದ್ದರಿಂದ ಹಳೆಯ ಉತ್ತರಗಳಲ್ಲಿ ಕಾಣುವ ‘ಆಡ್-ಮಾಡ್ಯೂಲ್ಸ್ ಜಾವಾ.ಎಕ್ಸ್‌ಎಂಎಲ್.ಬೈಂಡ್’ ಸಲಹೆ 17ರಲ್ಲಿ ಕೆಲಸಕ್ಕೆ ಬಾರದು. ಜೆಡಿಕೆಯಲ್ಲಿ ಇಲ್ಲದ್ದನ್ನು ಸೇರಿಸು ಎಂದರೆ ಮತ್ತದೇ ಎರರ್.

ಸ್ಕೋಪ್ ಸರಿಪಡಿಸಿದ ಮೇಲೂ ಎರಡು ಕಡೆ ಎಡವುತ್ತೀರಿ, ಈಗಲೇ ನೋಡಿಕೊಳ್ಳಿ.

ಮೊದಲನೆಯದು, ಎಪಿಐ ಜಾರ್ ಒಂದೇ ಸಾಲದು. ಅದರಲ್ಲಿ ಕೆಲಸ ಮಾಡುವ ಕೋಡ್ ಇಲ್ಲ. ‘ಇಂಪ್ಲಿಮೆಂಟೇಶನ್ ಆಫ್ ಜಾಕ್ಸ್‌ಬಿ-ಎಪಿಐ ಹ್ಯಾಸ್ ನಾಟ್ ಬೀನ್ ಫೌಂಡ್’ ಎಂದು ಬರುತ್ತದೆ. ಗ್ಲಾಸ್‌ಫಿಶ್ ಗುಂಪಿನ ಜಾಕ್ಸ್‌ಬಿ-ರನ್‌ಟೈಮ್ ಅನ್ನು ರನ್‌ಟೈಮ್ ಸ್ಕೋಪ್‌ನಲ್ಲಿ ಸೇರಿಸಿ. ಎರಡೂ 2.3 ಸಾಲಿನವೇ ಆಗಿರಲಿ. 3.0ರಿಂದ ಪ್ಯಾಕೇಜ್ ಹೆಸರು ಜಾವಾಎಕ್ಸ್ ಬಿಟ್ಟು ಜಕಾರ್ತಾ ಆಗಿದೆ, ಮಾಡ್ಯೂಲ್ ಹೆಸರೂ ಜಕಾರ್ತಾ.ಎಕ್ಸ್‌ಎಂಎಲ್.ಬೈಂಡ್ ಆಗಿದೆ. ಎಪಿಐ 2.3, ರನ್‌ಟೈಮ್ 4 ಎಂದು ಬೆರೆಸಿದರೆ ಒಂದಕ್ಕೊಂದು ಕಾಣುವುದೇ ಇಲ್ಲ.

ಎರಡನೆಯದು, ಜಾಕ್ಸ್‌ಬಿ ನಿಮ್ಮ ಕ್ಲಾಸ್‌ಗಳನ್ನು ರಿಫ್ಲೆಕ್ಷನ್ ಮೂಲಕ ಓದುತ್ತದೆ. ಅದಕ್ಕೆ ಎಕ್ಸ್‌ಪೋರ್ಟ್ಸ್ ಸಾಲದು, ಆ ಕ್ಲಾಸ್‌ಗಳಿರುವ ಪ್ಯಾಕೇಜನ್ನು ಓಪನ್ಸ್ ಮಾಡಬೇಕು. ಬಿಲ್ ಮಾಡ್ಯೂಲಿನ ಮಾಡ್ಯೂಲ್-ಇನ್ಫೊದಲ್ಲಿ ‘ಓಪನ್ಸ್ ಬಿಲ್.ಮಾಡೆಲ್ ಟು ಜಾವಾ.ಎಕ್ಸ್‌ಎಂಎಲ್.ಬೈಂಡ್’ ಎಂದು ಬರೆಯಿರಿ. ‘ಮಸ್ಟ್ ಬಿ ಓಪನ್ ಟು ಅಟ್ ಲೀಸ್ಟ್ ಜಾವಾ.ಎಕ್ಸ್‌ಎಂಎಲ್.ಬೈಂಡ್’ ಎಂಬ ಸಾಲು ಲಾಗ್‌ನಲ್ಲಿ ಕಂಡರೆ ಜಾರ್ ಹುಡುಕಬೇಡಿ, ಓಪನ್ಸ್ ಬಿಟ್ಟುಹೋಗಿದೆ ಎಂದರ್ಥ.

ಸರ್ವರ್‌ಗೆ ಕಳುಹಿಸುವ ಮುನ್ನ ಅದೇ ಲಿಬ್ ಫೋಲ್ಡರಿನ ಮೇಲೆ ಜಾವಾ ಕಮಾಂಡಿಗೆ ಡ್ರೈ-ರನ್ ಆಯ್ಕೆ ಕೊಟ್ಟು ನೋಡಿ. ಮೇನ್ ಓಡುವುದಿಲ್ಲ, ಆದರೆ ಮಾಡ್ಯೂಲ್‌ಗಳನ್ನು ಹುಡುಕಿ ಜೋಡಿಸುವ ಕೆಲಸ ಪೂರ್ತಿ ನಡೆಯುತ್ತದೆ. ರಿಕ್ವೈರ್ಸ್ ಯಾವುದು ತಪ್ಪಿದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಶೋ-ಮಾಡ್ಯೂಲ್-ರೆಸಲ್ಯೂಶನ್ ಆಯ್ಕೆಯನ್ನೂ ಸೇರಿಸಿದರೆ ಯಾವುದನ್ನು ಯಾರು ಕರೆದರು, ಯಾವ ಫೈಲಿನಿಂದ ಬಂತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಇದನ್ನು ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಬಿಲ್ಡ್) ಒಂದು ಹೆಜ್ಜೆಯಾಗಿ ಇಡಿ.

ಬನಶಂಕರಿ_ಬ್ಯಾಕೆಂಡ್

ಸವಿತಾ ಮೇಡಂ ಹೇಳಿದ್ದು ಸರಿ. ನಾನು ಜೆಲಿಂಕ್ ಬಗ್ಗೆ ಹೇಳ್ತೀನಿ.

ಮಾಡ್ಯೂಲ್-ಇನ್ಫೊ ಇಲ್ಲದ ಜಾರನ್ನು ಮಾಡ್ಯೂಲ್ ಪಾಥ್ ಮೇಲೆ ಇಟ್ಟರೆ ಜಾವಾ ಅದನ್ನ ಆಟೊಮ್ಯಾಟಿಕ್ ಮಾಡ್ಯೂಲ್ ಅಂತ ತಗೊಳ್ಳುತ್ತೆ. ಮ್ಯಾನಿಫೆಸ್ಟ್‌ನಲ್ಲಿ ಆಟೊಮ್ಯಾಟಿಕ್-ಮಾಡ್ಯೂಲ್-ನೇಮ್ ಇದ್ರೆ ಆ ಹೆಸರು, ಇಲ್ಲಾಂದ್ರೆ ಫೈಲ್ ಹೆಸರಿಂದ ವರ್ಶನ್ ಕಿತ್ತು ಉಳಿದದ್ದು. ಹಾಗಾಗಿ ಯಾರಾದ್ರೂ ಜಾರ್ ಫೈಲಿನ ಹೆಸರು ಬದಲಾಯಿಸಿದ್ರೂ ‘ಮಾಡ್ಯೂಲ್ ನಾಟ್ ಫೌಂಡ್’ ಬರುತ್ತೆ, ಜಾರ್ ಕಣ್ಣೆದುರೇ ಇದ್ದರೂ. ಜಾರ್ ಕಮಾಂಡಿನ ಡಿಸ್ಕ್ರೈಬ್-ಮಾಡ್ಯೂಲ್ ಆಯ್ಕೆ ಕೊಟ್ಟು ನಿಜವಾದ ಹೆಸರು ನೋಡ್ಕೊಳ್ಳಿ.

ಆಟೊಮ್ಯಾಟಿಕ್ ಮಾಡ್ಯೂಲ್ ತನಗೆ ಏನೇನು ಬೇಕು ಅಂತ ಎಲ್ಲೂ ಬರೆದಿಟ್ಟಿರಲ್ಲ. ಎಲ್ಲವನ್ನೂ ಓದಬಲ್ಲದು, ಕ್ಲಾಸ್ ಪಾಥ್ ಸಹಿತ. ಜೆಲಿಂಕ್‌ಗೆ ಬೇಕಾದ್ದು ಇಷ್ಟೇ ಅಂತ ಗೆರೆ ಎಳೆದ ಪಟ್ಟಿ. ಅದಿಲ್ಲದೆ ಇಮೇಜ್ ಕಟ್ಟೋಕೆ ಅದು ಒಪ್ಪಲ್ಲ, ಇದಕ್ಕೆ ಯಾವ ಫ್ಲ್ಯಾಗೂ ಇಲ್ಲ.

ಎರಡು ದಾರಿ ಇದೆ. ಜೆಡೆಪ್ಸ್‌ನ (ಜಾರ್‌ಗೆ ಯಾವ ಮಾಡ್ಯೂಲ್ ಬೇಕು ಅಂತ ಹುಡುಕೋ ಜೆಡಿಕೆ ಉಪಕರಣ) ಜನರೇಟ್-ಮಾಡ್ಯೂಲ್-ಇನ್ಫೊ ಬಳಸಿ ಆ ಜಾರ್‌ಗೆ ಮಾಡ್ಯೂಲ್-ಇನ್ಫೊ ಬರೆಸಿ, ಜಾವಾಸಿಯಲ್ಲಿ ಪ್ಯಾಚ್-ಮಾಡ್ಯೂಲ್ ಕೊಟ್ಟು ಕಂಪೈಲ್ ಮಾಡಿ, ಜಾರ್ ಒಳಗೆ ಸೇರಿಸೋದು ಒಂದು. ಮೇವನ್‌ನಲ್ಲಿ ಮೊಡಿಟೆಕ್ಟ್ ಪ್ಲಗಿನ್ ಇದೇ ಕೆಲಸ ಮಾಡುತ್ತೆ. ಆದರೆ ಜಾರ್ ಸೈನ್ ಆಗಿದ್ರೆ ಸಹಿ ಹಾಳಾಗುತ್ತೆ, ಲೈಬ್ರರಿ ವರ್ಶನ್ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಒಂದೋ ಎರಡೋ ಜಾರ್ ಆದ್ರೆ ಸರಿ.

ನನ್ನ ಸಲಹೆ ಎರಡನೇ ದಾರಿ: ಜೆಲಿಂಕ್‌ನಲ್ಲಿ ಜೆಡಿಕೆಯ ಮಾಡ್ಯೂಲ್‌ಗಳಷ್ಟನ್ನೇ ಕಟ್ಟಿ, ನಿಮ್ಮ ಜಾರ್‌ಗಳು ಹೊರಗೆ ಲಿಬ್‌ನಲ್ಲೇ ಇರಲಿ. ಆ ಚಿಕ್ಕ ರನ್‌ಟೈಮಿಂದ ಮಾಡ್ಯೂಲ್ ಪಾಥ್ ಕೊಟ್ಟು ಓಡಿಸಿ. ಆಗ ಆಟೊಮ್ಯಾಟಿಕ್ ಮಾಡ್ಯೂಲ್ ಇದ್ದರೂ ಅಡ್ಡಿ ಇಲ್ಲ. ಯಾವ ಜೆಡಿಕೆ ಮಾಡ್ಯೂಲ್ ಬೇಕು ಅಂತ ತಿಳಿಯೋಕೆ ಜೆಡೆಪ್ಸ್‌ಗೆ ಪ್ರಿಂಟ್-ಮಾಡ್ಯೂಲ್-ಡೆಪ್ಸ್, ಇಗ್ನೋರ್-ಮಿಸ್ಸಿಂಗ್-ಡೆಪ್ಸ್, ಮಲ್ಟಿ-ರಿಲೀಸ್ 17 ಮೂರೂ ಕೊಡಿ. ಕಾಮಾ ಹಾಕಿದ ಪಟ್ಟಿ ಬರುತ್ತೆ, ಅದೇ ಜೆಲಿಂಕ್‌ನ ಆಡ್-ಮಾಡ್ಯೂಲ್ಸ್‌ಗೆ ಹೋಗುತ್ತೆ. ಮಲ್ಟಿ-ರಿಲೀಸ್ ಬಿಟ್ರೆ ಕೆಲವು ಜಾರ್‌ಗಳಲ್ಲಿ ಜೆಡೆಪ್ಸ್ ಅಲ್ಲೇ ನಿಲ್ಲುತ್ತೆ.

ಇನ್ನೊಂದು: ಹಳೆಯ ಲೈಬ್ರರಿ ಜೊತೆ ಜೆಎಸ್‌ಆರ್305 ಜಾರ್ ಬಂದಿದೆಯಾ ಅಂತ ಮೇವನ್‌ನ ಡಿಪೆಂಡೆನ್ಸಿ:ಟ್ರೀಯಲ್ಲಿ ನೋಡಿ. ಅದರಲ್ಲೂ ಜಕಾರ್ತಾ.ಅನೊಟೇಶನ್-ಎಪಿಐ 1.3ರಲ್ಲೂ ಜಾವಾಎಕ್ಸ್.ಅನೊಟೇಶನ್ ಅನ್ನೋ ಒಂದೇ ಪ್ಯಾಕೇಜ್ ಇದೆ. ಕ್ಲಾಸ್ ಪಾಥ್ ಇದನ್ನ ಸಹಿಸಿಕೊಳ್ಳುತ್ತೆ, ಮಾಡ್ಯೂಲ್ ಪಾಥ್ ಸಹಿಸಲ್ಲ. ಎರಡೂ ಇದ್ರೆ ಜೆಎಸ್‌ಆರ್305ನ ಎಕ್ಸ್‌ಕ್ಲೂಶನ್ ಹಾಕಿ ತೆಗೀರಿ.

ನಾಗರಬಾವಿ_ಜಾವಾ

ಇಬ್ಬರಿಗೂ ಧನ್ಯವಾದ. ಪ್ರೊವೈಡೆಡ್ ತೆಗೆದೆ, ಓಪನ್ಸ್ ಸೇರಿಸಿದೆ, ಜೆಎಸ್‌ಆರ್305 ಇತ್ತು, ಅದನ್ನೂ ತೆಗೆದೆ. ಜೆಡೆಪ್ಸ್ ಪಟ್ಟಿಯಿಂದ ರನ್‌ಟೈಮ್ ಕಟ್ಟಿದೆ. ಅಪ್ಲಿಕೇಶನ್ ಏಳುತ್ತೆ. ಆದರೆ ಈ ಚಿಕ್ಕ ರನ್‌ಟೈಮ್‌ನಲ್ಲಿ ಮಾತ್ರ ಎರಡು ವಿಚಿತ್ರ: ಒಳ ನೆಟ್‌ವರ್ಕ್‌ನ ಇನ್ನೊಂದು ಸರ್ವರ್‌ಗೆ ಎಚ್‌ಟಿಟಿಪಿಎಸ್ ಕರೆ ಹೋದಾಗ ಹ್ಯಾಂಡ್‌ಶೇಕ್_ಫೇಲ್ಯೂರ್, ಮತ್ತು ರಸೀದಿಯಲ್ಲಿ ತಿಂಗಳ ಹೆಸರು ಕನ್ನಡದಲ್ಲಿ ಬರ್ತಿಲ್ಲ. ಪೂರ್ತಿ ಜೆಡಿಕೆಯಲ್ಲಿ ಎರಡೂ ಸರಿ ಇವೆ.

ಮಾಡ್ಯೂಲ್_ಮಂಜು

ಎರಡಕ್ಕೂ ಕಾರಣ ಒಂದೇ. ಜೆಡೆಪ್ಸ್ ನೋಡುವುದು ಕ್ಲಾಸ್ ಫೈಲಿನಲ್ಲಿ ಬರೆದಿರುವ ಉಲ್ಲೇಖಗಳನ್ನು ಮಾತ್ರ. ಸರ್ವಿಸ್ ಲೋಡರ್ ಹುಡುಕಿ ತರುವುದು, ಕ್ಲಾಸ್.ಫಾರ್‌ನೇಮ್ ಕರೆಯುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಜಾವಾ ಕಮಾಂಡ್ ಶುರುವಾಗುವಾಗ ಸರ್ವಿಸ್ ಕೊಡುವ ಮಾಡ್ಯೂಲ್‌ಗಳನ್ನೂ ಹುಡುಕಿ ಸೇರಿಸಿಕೊಳ್ಳುತ್ತದೆ, ಅದಕ್ಕೇ ಪೂರ್ತಿ ಜೆಡಿಕೆಯಲ್ಲಿ ಎಲ್ಲ ಸರಿ ಇರುತ್ತದೆ. ಜೆಲಿಂಕ್ ನೀವು ಹೇಳದೆ ಆ ಕೆಲಸ ಮಾಡುವುದಿಲ್ಲ.

ಹ್ಯಾಂಡ್‌ಶೇಕ್‌ಗೆ ಬೇಕಾದ್ದು ಜೆಡಿಕೆ.ಕ್ರಿಪ್ಟೊ.ಇಸಿ. ಎಲಿಪ್ಟಿಕ್ ಕರ್ವ್ ಲೆಕ್ಕ 17ರಲ್ಲಿ ಆ ಮಾಡ್ಯೂಲ್ ಒಳಗಿದೆ. ಅದಿಲ್ಲದಿದ್ದರೆ ಎರಡೂ ಕಡೆ ಒಪ್ಪುವ ಸೈಫರ್ ಸಿಗದೆ ಸಂಪರ್ಕ ಮುರಿಯುತ್ತದೆ. ಲಾಗ್‌ನಲ್ಲಿ ಮಾಡ್ಯೂಲ್ ಎಂಬ ಪದವೇ ಇರುವುದಿಲ್ಲವಾದ್ದರಿಂದ ಜನ ಸರ್ಟಿಫಿಕೇಟ್ ತಪ್ಪಿರಬೇಕೆಂದು ಅದರ ಹಿಂದೆ ಬೀಳುತ್ತಾರೆ. ಜೆಡಿಕೆ 22ರಲ್ಲಿ ಇದನ್ನು ಜಾವಾ.ಬೇಸ್ ಒಳಗೇ ಸೇರಿಸಿದ್ದಾರೆ. ನಿಮ್ಮದು 17, ಕೈಯಾರೆ ಸೇರಿಸಿ.

ಕನ್ನಡಕ್ಕೆ ಬೇಕಾದ್ದು ಜೆಡಿಕೆ.ಲೊಕೇಲ್‌ಡೇಟಾ. ಜಾವಾ.ಬೇಸ್‌ನಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯ ದತ್ತಾಂಶ ಇಲ್ಲ. ಇದು ಹ್ಯಾಂಡ್‌ಶೇಕ್‌ಗಿಂತ ಕೆಟ್ಟದ್ದು, ಏಕೆಂದರೆ ಎರರ್ ಬರುವುದೇ ಇಲ್ಲ, ರಸೀದಿ ತಪ್ಪಾಗಿ ಅಚ್ಚಾಗಿ ಗ್ರಾಹಕರ ಕೈ ಸೇರುತ್ತದೆ. ಮಾಡ್ಯೂಲ್ ಸೇರಿಸಿದರೆ ಜಗತ್ತಿನ ಎಲ್ಲ ಭಾಷೆಗಳೂ ಬರುತ್ತವೆ. ಗಾತ್ರ ಇಳಿಸಲು ಇನ್‌ಕ್ಲೂಡ್-ಲೊಕೇಲ್ಸ್ ಆಯ್ಕೆಗೆ ಇಎನ್ ಮತ್ತು ಕೆಎನ್ ಎರಡನ್ನೇ ಕೊಡಿ. ಭಾರತದ ಭಾಷೆಗಳೆಲ್ಲ ಬೇಕಿದ್ದರೆ ನಕ್ಷತ್ರ ಚಿಹ್ನೆ, ಅಡ್ಡಗೆರೆ, ಐಎನ್ ಎಂದು ಬರೆಯಬಹುದು.

ಇದೇ ರೀತಿ ಸದ್ದಿಲ್ಲದೆ ಬಿಟ್ಟುಹೋಗುವ ಇನ್ನು ಕೆಲವು: ಜಿಪ್ ಫೈಲನ್ನು ಫೈಲ್ ಸಿಸ್ಟಮ್‌ನಂತೆ ತೆರೆಯಲು ಜೆಡಿಕೆ.ಜಿಪ್‌ಎಫ್‌ಎಸ್, ಹಳೆಯ ಅಕ್ಷರ ಸಂಕೇತಗಳಿಗೆ ಜೆಡಿಕೆ.ಚಾರ್‌ಸೆಟ್ಸ್, ದೂರದಿಂದ ಜೆಎಂಎಕ್ಸ್ ನೋಡಲು ಜೆಡಿಕೆ.ಮ್ಯಾನೇಜ್‌ಮೆಂಟ್.ಏಜೆಂಟ್. ಬೈಂಡ್-ಸರ್ವಿಸಸ್ ಆಯ್ಕೆ ಕೊಟ್ಟರೆ ಸರ್ವಿಸ್ ಕೊಡುವವೆಲ್ಲ ತಾವಾಗಿ ಬರುತ್ತವೆ, ಆದರೆ ಬೇಡದವೂ ಬಂದು ಇಮೇಜ್ ಊದುತ್ತದೆ. ಸಜೆಸ್ಟ್-ಪ್ರೊವೈಡರ್ಸ್ ಬಳಸಿ ಪಟ್ಟಿ ನೋಡಿ, ಬೇಕಾದ್ದನ್ನು ಹೆಸರಿಟ್ಟು ಸೇರಿಸುವುದು ಒಳ್ಳೆಯದು.

ಪರೀಕ್ಷೆಯನ್ನು ಈ ಚಿಕ್ಕ ರನ್‌ಟೈಮ್ ಮೇಲೇ ಓಡಿಸಿ, ಪೂರ್ತಿ ಜೆಡಿಕೆ ಮೇಲೆ ಪಾಸಾದದ್ದನ್ನು ನಂಬಬೇಡಿ. ಒಂದು ಎಚ್‌ಟಿಟಿಪಿಎಸ್ ಕರೆ, ಒಂದು ಡೇಟಾಬೇಸ್ ಸಂಪರ್ಕ, ಮತ್ತು 15-8-2024 ದಿನಾಂಕವನ್ನು ಕೆಎನ್-ಐಎನ್ ಲೊಕೇಲ್‌ನಲ್ಲಿ ಬರೆಸಿ ‘ಆಗಸ್ಟ್’ ಎಂದು ಬಂತೇ ಎಂಬ ಹೋಲಿಕೆ, ಇಷ್ಟಾದರೂ ಇರಲಿ.

ಸವಿತಾ_ಬಿಲ್ಡ್

ಇಂಟರ್ನೆಟ್ ಇಲ್ಲದ ಸರ್ವರ್ ವಿಷಯ ಉಳಿದಿತ್ತು. ಅಲ್ಲಿ ಬಿಲ್ಡ್ ಮಾಡಲೇಬೇಡಿ. ರನ್‌ಟೈಮ್, ಲಿಬ್, ಕಾನ್ಫಿಗ್ ಮೂರನ್ನೂ ಒಂದೇ ಟಾರ್ ಫೈಲಿನಲ್ಲಿ ಕಟ್ಟಿ, ಚೆಕ್‌ಸಮ್ ಜೊತೆ ಒಯ್ಯಿರಿ.

ಅಲ್ಲೇ ಬಿಲ್ಡ್ ಆಗಬೇಕೆಂಬ ಕರಾರು ಇದ್ದರೆ ಡಿಪೆಂಡೆನ್ಸಿ:ಗೋ-ಆಫ್‌ಲೈನ್ ಒಂದನ್ನೇ ನಂಬಬೇಡಿ. ಟೆಸ್ಟ್ ಓಡಿಸುವ ಶ್ಯೂರ್‌ಫೈರ್‌ನಂಥ ಪ್ಲಗಿನ್ ತನಗೆ ಬೇಕಾದ ಜೆಯೂನಿಟ್ ಪ್ರೊವೈಡರನ್ನು ಟೆಸ್ಟ್ ಓಡುವ ಹೊತ್ತಿಗೆ ಹುಡುಕುತ್ತದೆ, ಗೋ-ಆಫ್‌ಲೈನ್ ಅದನ್ನು ಇಳಿಸಿರುವುದಿಲ್ಲ. ಮೇವನ್.ರೆಪೊ.ಲೋಕಲ್ ಆಯ್ಕೆಗೆ ಖಾಲಿ ಫೋಲ್ಡರ್ ಕೊಟ್ಟು ಪೂರ್ತಿ ವೆರಿಫೈ ಓಡಿಸಿ, ಆ ಫೋಲ್ಡರನ್ನೇ ಒಯ್ಯಿರಿ. ಖಾಲಿ ಫೋಲ್ಡರ್‌ನಿಂದ ಇನ್ನೊಂದು ಲಾಭ: ಲ್ಯಾಪ್‌ಟಾಪಿನ ಎಂ2 (ಮೇವನ್ ಇಳಿಸಿದ್ದನ್ನು ಇಡುವ ಫೋಲ್ಡರ್) ಒಳಗೆ ಕೂತಿರುವ ಹಳೆಯ ಸ್ನ್ಯಾಪ್‌ಶಾಟ್‌ಗಳು ಇಲ್ಲದ ಡಿಪೆಂಡೆನ್ಸಿಯನ್ನು ಇದೆಯೆಂದು ತೋರಿಸಲಾರವು. ಮೇವನ್‌ಗೆ ಪಿಎಲ್ ಆಯ್ಕೆ ಕೊಟ್ಟು ಆಪ್ ಮಾಡ್ಯೂಲ್ ಒಂದನ್ನೇ ಕಟ್ಟುವ ಅಭ್ಯಾಸವಿದ್ದರೆ, ಅದು ಅವಲಂಬಿಸಿದ ಮಾಡ್ಯೂಲ್‌ಗಳನ್ನೂ ಕಟ್ಟುವ ಎಎಂ ಆಯ್ಕೆ ಕೂಡ ಸೇರಿಸಿ, ಇಲ್ಲದಿದ್ದರೆ ಕೋರ್ ಸಿಗುವುದಿಲ್ಲ ಎನ್ನುತ್ತದೆ.

ಎರಡೂ ಕಡೆ ಮೇವನ್ ಸೆಟ್ಟಿಂಗ್ಸ್ ಫೈಲಿನ ಮಿರರ್ (ಮೂಲ ರೆಪೊಸಿಟರಿಯ ಬದಲಿಗೆ ಬಳಸುವ ರೆಪೊಸಿಟರಿ) ಐಡಿ ಒಂದೇ ಇರಲಿ. ಯಾವ ಜಾರ್ ಯಾವ ಐಡಿಯ ರೆಪೊಸಿಟರಿಯಿಂದ ಬಂತು ಎಂದು ಮೇವನ್ ಪಕ್ಕದಲ್ಲೇ ಬರೆದಿಡುತ್ತದೆ. ಐಡಿ ಹೊಂದದಿದ್ದರೆ ಆಫ್‌ಲೈನ್‌ನಲ್ಲಿ ಫೈಲ್ ಇದ್ದರೂ ಇಲ್ಲ ಎನ್ನುತ್ತದೆ.

ನಾಗರಬಾವಿ_ಜಾವಾ

ಎರಡು ಮಾಡ್ಯೂಲ್ ಸೇರಿಸಿದ ಮೇಲೆ ಹ್ಯಾಂಡ್‌ಶೇಕ್ ಆಯ್ತು, ‘ಆಗಸ್ಟ್’ ಬಂತು. ಇಲ್ಲಿ ಕೆಲವರ ಲ್ಯಾಪ್‌ಟಾಪ್ ವಿಂಡೋಸ್. ಅಲ್ಲಿ ಕಟ್ಟಿದ ರನ್‌ಟೈಮ್ ಲಿನಕ್ಸ್ ಸರ್ವರ್‌ಗೆ ಆಗುತ್ತಾ?

ಬನಶಂಕರಿ_ಬ್ಯಾಕೆಂಡ್

ಹಾಗೇ ಕಟ್ಟಿದ್ದು ಆಗಲ್ಲ. ಅದೇ ವರ್ಶನ್ನಿನ ಲಿನಕ್ಸ್ ಜೆಡಿಕೆ ಇಳಿಸಿ, ಅದರ ಜೆಮಾಡ್ಸ್ ಫೋಲ್ಡರನ್ನ (ಜೆಡಿಕೆಯ ಮಾಡ್ಯೂಲ್ ಫೈಲ್‌ಗಳು ಇರೋದು) ಜೆಲಿಂಕ್‌ನ ಮಾಡ್ಯೂಲ್ ಪಾಥ್‌ಗೆ ಕೊಟ್ಟರೆ ವಿಂಡೋಸ್‌ನಲ್ಲೇ ಲಿನಕ್ಸ್ ಇಮೇಜ್ ಕಟ್ಟಬಹುದು. ಸರ್ವರ್‌ನಲ್ಲಿ ಆಲ್ಪೈನ್ ಕಂಟೇನರ್ ಇದ್ರೆ ಅದರ ಸಿ ಲೈಬ್ರರಿ ಮಸಲ್, ಜಿಲಿಬ್‌ಸಿ ಅಲ್ಲ. ಸಾಮಾನ್ಯ ಲಿನಕ್ಸ್ ಜೆಡಿಕೆಯಿಂದ ಕಟ್ಟಿದ್ದನ್ನ ಅಲ್ಲಿ ಓಡಿಸಿದ್ರೆ ಜಾವಾ ಫೈಲ್ ಕಣ್ಣಿಗೆ ಕಾಣ್ತಿದ್ರೂ ‘ನಾಟ್ ಫೌಂಡ್’ ಅನ್ನುತ್ತೆ. ಅದಕ್ಕೆ ಆಲ್ಪೈನ್ ಜೆಡಿಕೆಯ ಜೆಮಾಡ್ಸ್ ಬೇಕು.

ರಸೀದಿಯನ್ನ ಚಿತ್ರವಾಗಿ ಬರೆಸ್ತೀರಾದ್ರೆ ಜಾವಾ.ಡೆಸ್ಕ್‌ಟಾಪ್ ಮಾಡ್ಯೂಲ್ ಜೊತೆ ಫ್ರೀಟೈಪ್, ಫಾಂಟ್‌ಕಾನ್ಫಿಗ್, ಒಂದು ಕನ್ನಡ ಫಾಂಟ್ ಕೂಡ ಕಂಟೇನರ್‌ನಲ್ಲಿ ಇರಬೇಕು. ನೋಟೊ ಸ್ಯಾನ್ಸ್ ಕನ್ನಡ ಸಾಕು. ಇವು ಯಾವ ಪಾಮ್‌ನಲ್ಲೂ ಇರಲ್ಲ, ಡಾಕರ್‌ಫೈಲಲ್ಲೇ ಬರೀಬೇಕು.